ಆರ್‌ಟಿಇ ಸೀಟುಗಳನ್ನು ಮರಳಿ ಕೊಡಿ

ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಹಾಗೂ ಶೋಷಿತ ಕುಟುಂಬಗಳ ಮಕ್ಕಳಿಗೆ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ವಿಧಿಸಿದೆ. ಕರ್ನಾಟಕ ಸರ್ಕಾರ 2018-19ರಲ್ಲಿ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದಿತು. ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು ಮರುವರ್ಷವೇ 17 ಸಾವಿರದ ಆಸುಪಾಸಿಗೆ ಇಳಿದವು. ಅಲ್ಲಿಂದಾಚೆಗೆ ಸರ್ಕಾರಗಳು ಬದಲಾದರೂ ಬಡವರ ಮಕ್ಕಳಿಗೆ ಆದ ಈ ಅನ್ಯಾಯ ಸರಿಹೋಗಿಲ್ಲ.

ತಿದ್ದುಪಡಿಯ ಪರ ಇದ್ದವರಲ್ಲಿ ಖಾಸಗಿ ಶಾಲೆಗಳ ಮಾಲೀಕರಷ್ಟೇ ಅಲ್ಲ, ಸರ್ಕಾರಿ ಶಾಲೆಗಳನ್ನು ಮನಸಾರೆ ಪ್ರೀತಿಸುವವರೂ ಇದ್ದರು. ಶುಲ್ಕ ಮರುಪಾವತಿಯ ಹೆಸರಲ್ಲಿ ಸರ್ಕಾರವೇ ಖಾಸಗಿಯವರಿಗೆ ಹಣ ಕೊಟ್ಟು, ತನ್ನ ಶಾಲೆಗಳನ್ನು ಖಾಲಿ ಮಾಡಿಸುತ್ತಿದೆ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಸೀಟು ತೆಗೆದರೆ ಸರ್ಕಾರಿ ಶಾಲೆ ತಾನಾಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಿಜವಾಗಲಿಲ್ಲ. ಇಂದಿಗೂ ಖಾಲಿ ಹುದ್ದೆಗಳಲ್ಲಿ ಗೌರವಧನದ ಅತಿಥಿ ಶಿಕ್ಷಕರೇ ಪಾಠ ಮಾಡುತ್ತಿದ್ದಾರೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯೊಂದನ್ನು ನೋಡಿ: ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ನಲಿ-ಕಲಿಗೆ ಕೂತಿರುತ್ತಾರೆ, ನಾಲ್ಕು ಮತ್ತು ಐದನೆಯವರು ಪಕ್ಕದ ಕೋಣೆಯಲ್ಲಿ. ಇರುವ ಇಬ್ಬರು ಶಿಕ್ಷಕರಲ್ಲಿ ಮುಖ್ಯ ಶಿಕ್ಷಕರು ಬಿಸಿಯೂಟದ ಲೆಕ್ಕ, ಮೊಟ್ಟೆಯ ಬಿಲ್ಲು ಹಿಡಿದು ಬಿಇಒ ಕಚೇರಿಗೆ ಹೋದರೆಂದರೆ, ಅಂದು ಐದೂ ತರಗತಿ ಒಬ್ಬರ ಕೊರಳಿಗೆ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕೆಂದು ಕಾಯ್ದೆಯೇ ಹೇಳುವುದರಿಂದ ಕಡತದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಹತ್ತಿರದಲ್ಲಿ ಶಾಲೆ ಇದೆ ಎಂದು ನಿಯಮ ಸಮಾಧಾನಪಡುವುದು ಇಂಥ ಶಾಲೆಯನ್ನು ತೋರಿಸಿಯೇ.

ಇನ್ನೂ ನೋವಿನ ಸಂಗತಿಯೆಂದರೆ, ಮನೆ ಹತ್ತಿರದ ಸರ್ಕಾರಿ ಶಾಲೆ ಸಾಕೆಂಬ ತೀರ್ಮಾನ ದುಡ್ಡಿಲ್ಲದವರಿಗೆ ಮಾತ್ರ ಅನ್ವಯವಾಗುತ್ತದೆ. ಶುಲ್ಕ ಕಟ್ಟಬಲ್ಲವರ ಮಕ್ಕಳು ಅದೇ ಶಾಲೆಯನ್ನು ದಾಟಿ ವ್ಯಾನಿನಲ್ಲಿ ಹೋಗುತ್ತಾರೆ. ಎಲ್ಲ ವರ್ಗದ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಓದಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ಅದನ್ನು ಪೂರ್ತಿ ಜಾರಿಗೆ ತರುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ಕೂಲಿಕಾರರ ಮಗಳು, ವೈದ್ಯರ ಮಗ ಒಂದೇ ಬೆಂಚಿನಲ್ಲಿ ಕೂರುವ ಸಣ್ಣ ಅವಕಾಶ ಈ ಶೇ 25ರಲ್ಲಿತ್ತು. ಅದನ್ನೂ ಕಿತ್ತುಕೊಂಡು ಸಮಾನ ಶಾಲೆಯ ಮಾತಾಡುವುದು ಸಲ್ಲದು.

ಕರ್ನಾಟಕ ಹೈಕೋರ್ಟ್ 2019ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿದಿದೆಯಲ್ಲ ಎನ್ನಬಹುದು. ಹೌದು. ಆದರೆ ಮಹಾರಾಷ್ಟ್ರ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಅದೂ ಅಲ್ಲದೆ, ತನ್ನ ನಿಯಮವನ್ನು ತಾನೇ ಹಿಂಪಡೆಯಲು ಸರ್ಕಾರ ಯಾವ ನ್ಯಾಯಾಲಯದ ಅಪ್ಪಣೆಗೂ ಕಾಯಬೇಕಿಲ್ಲ.

ಹಿಂಪಡೆಯುವಾಗ ಇನ್ನೊಂದು ಕೆಲಸವೂ ಆಗಬೇಕು. ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮಗು ಅದೇ ಶಾಲೆಯಲ್ಲಿ ಉಳಿಯಬೇಕಾದರೆ ಹೆತ್ತವರು ಪೂರ್ಣ ಶುಲ್ಕ ಹೊಂದಿಸಬೇಕು, ಇಲ್ಲವೇ ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಇರುವಾಗ ಮಗುವಿನ ಶಾಲೆ ಬದಲಿಸಬೇಕು. ಆ ಎರಡು ವರ್ಷಗಳ ಶುಲ್ಕವನ್ನು ರಾಜ್ಯ ಸರ್ಕಾರವೇ ಭರಿಸಲಿ.