ತೊಂಬತ್ತೇಳರ ಮೇಲಿನ ಮೂರು

ದೂರದ ಸವಾರಿ ಮುಗಿಸಿ ಕಂಪ್ಲಿ ರಸ್ತೆಯಲ್ಲಿ ಹಿಂದಿರುಗುತ್ತಿರುವ ಸೈಕಲ್ ಸವಾರನೊಬ್ಬ ಬುಕ್ಕಸಾಗರದ ತನ್ನ ಮನೆ ತಲುಪುವಾಗ ಮಾಪಕವು 97 ಕಿ.ಮೀ. ತೋರಿಸಿತೆನ್ನೋಣ. ಬಾಟಲಿಯಲ್ಲಿ ನೀರಿಲ್ಲ. ಆದರೂ ನೂರು ತುಂಬಿಸಲೆಂದು ಆತ ಮನೆಯನ್ನು ದಾಟಿ ಊರು ಸುತ್ತತೊಡಗುತ್ತಾನೆ. ಇದನ್ನು ಕಂಡು ನಗುವುದು ಸುಲಭ. ಆದರೆ ಆ ನೂರರ ಸೆಳೆತವಿಲ್ಲದಿದ್ದರೆ ಆತ ಬೆಳಗಿನ ಜಾವ ಏಳುತ್ತಲೇ ಇರಲಿಲ್ಲವೇನೋ.

ಅಷ್ಟಕ್ಕೂ ಈ ನೂರು ಬಂದದ್ದು ಅಳತೆಗೋಲಿನಿಂದ. 1956ರ ಕಾಯ್ದೆಯು ಮೆಟ್ರಿಕ್ ಪದ್ಧತಿಯನ್ನು ತರುವ ಮುನ್ನ ನಮ್ಮ ರಸ್ತೆಗಳ ಲೆಕ್ಕ ಮೈಲಿಗಳಲ್ಲಿತ್ತು, ಹಿರಿಯರ ಬಾಯಲ್ಲಿ ಹರದಾರಿಯಲ್ಲಿತ್ತು. ನೂರು ಕಿ.ಮೀ. ಎಂದರೆ ಬರಿಯ 62 ಮೈಲಿ. ಅಮೆರಿಕದ ಸವಾರನ 'ನೂರು' ತುಂಬಬೇಕಾದರೆ 161 ಕಿ.ಮೀ. ತುಳಿಯಬೇಕು. ದಣಿದ ಕಾಲಿಗೆ ಈ ಯಾವ ಲೆಕ್ಕವೂ ತಿಳಿಯದು.

ಬ್ರೆವೆ ಎಂಬ ದೀರ್ಘ ಸವಾರಿಗಳಲ್ಲಿಯೂ ದುಂಡು ಸಂಖ್ಯೆಗಳೇ ಇವೆ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಆದರೆ ಅಲ್ಲಿ ಮೊದಲು ಮುಟ್ಟಿದವನಿಗೆ ಪ್ರಥಮ ಸ್ಥಾನವಿಲ್ಲ. ಈ ನಿಯಮ ಮೆಚ್ಚತಕ್ಕದ್ದು.

ರೈತನಿಗೂ ಈ ಗೀಳು ಹೊಸದಲ್ಲ. 37 ಚೀಲದ ಭತ್ತವನ್ನು 40 ಮಾಡುವ ಆಸೆಯಿಂದ ಕೊನೆಯಲ್ಲಿ ಮತ್ತಷ್ಟು ಯೂರಿಯಾ ಎರಚಿದರೆ ಪೈರು ನೆಲಕ್ಕೆ ಮಲಗುತ್ತದೆ, ಜಿಗಿಹುಳು ಸೇರುತ್ತದೆ. ಬೇಸಿಗೆಯ ನಡುಹಗಲಿನಲ್ಲಿ, ಸುತ್ತಲಿನ ಬಂಡೆಗಳೆಲ್ಲ ಕಾವು ಉಗುಳುವಾಗ, ನೀರಿಲ್ಲದೆ ಮೂರು ಕಿ.ಮೀ. ಹೆಚ್ಚು ತುಳಿಯುವುದೂ ಅಂಥದ್ದೇ ಕೆಲಸ. ಸವಾರನು ಮನೆಯ ಮುಂದೆ ಇಳಿದು, ನೆರಳಿನಲ್ಲಿ ಕುಳಿತು ನೀರು ಕುಡಿಯಲಿ. ದಿನಚರಿಯಲ್ಲಿ 97 ಎಂದೇ ಬರೆಯಲಿ.