‘ಮತ್ತು’ವಿಗೆ ಮುಂಚೆ ಅಲ್ಪವಿರಾಮ ಬೇಕೆ?

2014ರ ಆಂಧ್ರಪ್ರದೇಶ ಪುನರ್ವಿಂಗಡಣಾ ಕಾಯ್ದೆಯ ಹದಿಮೂರನೇ ಅನುಸೂಚಿಯ ಎರಡು ಸಾಲುಗಳನ್ನು ಅನುವಾದಕರು ಒಮ್ಮೆ ನೋಡಬೇಕು. ಒಂದು, ಅಂತರರಾಷ್ಟ್ರೀಯ ಮಟ್ಟಕ್ಕೆ ವಿಸ್ತರಿಸಬಹುದಾದ ವಿಮಾನ ನಿಲ್ದಾಣಗಳ ಪಟ್ಟಿ: ವಿಶಾಖಪಟ್ಟಣ, ವಿಜಯವಾಡ ಮತ್ತು ತಿರುಪತಿ. ಇಂಗ್ಲಿಷ್ ಮೂಲದಲ್ಲೂ ‘ಅಂಡ್’ಗೆ ಮುಂಚೆ ಅಲ್ಪವಿರಾಮವಿಲ್ಲ. ಅದರಿಂದ ಏನೂ ಕೆಟ್ಟಿಲ್ಲ. ಮೂರು ಊರು, ಮೂರು ನಿಲ್ದಾಣ.

ಇನ್ನೊಂದು ಸಾಲು ಮೆಟ್ರೋ ರೈಲಿನದು. ಅದನ್ನು ಪದಕ್ಕೆ ಪದ ಇಟ್ಟು ತಂದರೆ ಹೀಗಾಗುತ್ತದೆ: ‘ವಿಶಾಖಪಟ್ಟಣ ಮತ್ತು ವಿಜಯವಾಡ-ಗುಂಟೂರು-ತೆನಾಲಿ ಮಹಾನಗರಾಭಿವೃದ್ಧಿ ಪ್ರಾಧಿಕಾರದಲ್ಲಿ’. ಊರುಗಳನ್ನು ಅರಿಯದವರು ಇದನ್ನು ಓದಿದರೆ, ರೈಲಿನಲ್ಲಿ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣವೂ ಅದೇ ಪ್ರಾಧಿಕಾರಕ್ಕೆ ಸೇರಿಬಿಡುತ್ತದೆ. ‘ಮತ್ತು’ವಿಗೆ ಮುಂಚೆ ಅಲ್ಪವಿರಾಮ ಹಾಕಿದರೂ ಗೊಂದಲ ಪೂರ್ತಿ ಹೋಗುವುದಿಲ್ಲ. ಕೊನೆಯಲ್ಲಿ ಕೂತ ಒಂದೇ ‘ಅಲ್ಲಿ’ ಇಡೀ ಪಟ್ಟಿಯನ್ನು ಹೊರುತ್ತಿರುವುದೇ ತೊಂದರೆ. ಅದನ್ನು ಹಂಚಿಬಿಡಿ: ‘ವಿಶಾಖಪಟ್ಟಣದಲ್ಲೂ ವಿಜಯವಾಡ-ಗುಂಟೂರು-ತೆನಾಲಿ ಪ್ರಾಧಿಕಾರದ ವ್ಯಾಪ್ತಿಯಲ್ಲೂ’. ಅಲ್ಪವಿರಾಮವೂ ಬೇಡ, ‘ಮತ್ತು’ವೂ ಬೇಡ. ತೆಲುಗಿನವರೂ ಮಾತಿನಲ್ಲಿ ಹೀಗೇ ‘ವಿಶಾಖಲೋನೂ ವಿಜಯವಾಡಲೋನೂ’ ಎನ್ನುತ್ತಾರೆ. ‘ಮರಿಯು’ ಹೆಚ್ಚಾಗಿ ಬರವಣಿಗೆಯ ಪದ.

ಇಂಗ್ಲಿಷಿಗೆ ಈ ಅನುಕೂಲವಿಲ್ಲ, ಅದಕ್ಕೇ ಅಲ್ಲಿ ಅಷ್ಟು ಜಗಳ. ಅಮೆರಿಕದ ಮೇನ್ ರಾಜ್ಯದ ಕಾನೂನು ಓವರ್‌ಟೈಮ್ ಸಿಗದ ಕೆಲಸಗಳನ್ನು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆಯಲ್ಲಿ ‘ಅಥವಾ’ಕ್ಕೆ ಮುಂಚೆ ಅಲ್ಪವಿರಾಮವಿರಲಿಲ್ಲ. ವಿತರಣೆಯೇ ಒಂದು ಪ್ರತ್ಯೇಕ ಕೆಲಸವೋ, ವಿತರಣೆಗಾಗಿ ಪ್ಯಾಕ್ ಮಾಡುವುದಷ್ಟೇ ಕೆಲಸವೋ ಎಂಬುದು ಪ್ರಶ್ನೆಯಾಯಿತು. ಓಕ್‌ಹರ್ಸ್ಟ್ ಡೈರಿಯ ಚಾಲಕರು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ಸಾಲನ್ನು ಕನ್ನಡಕ್ಕೆ ತರುವವರು ‘ವಿತರಣೆಗಾಗಿ’ ಎನ್ನಬೇಕು, ಇಲ್ಲವೇ ‘ವಿತರಿಸುವುದು’ ಎನ್ನಬೇಕು. ಪ್ರತ್ಯಯ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ.

ಹಾಗೆಂದು ಅಲ್ಪವಿರಾಮವನ್ನು ಪೂರ್ತಿ ಓಡಿಸಬೇಕಿಲ್ಲ. ‘ಮೀನುಗಾರಿಕೆ ಮತ್ತು ಬಂದರು’ ಎಂಬಂತೆ ಪಟ್ಟಿಯ ಒಂದು ಹೆಸರಿನೊಳಗೇ ‘ಮತ್ತು’ ಇದ್ದರೆ, ಕೊನೆಯ ‘ಮತ್ತು’ವಿಗೆ ಮುಂಚೆ ಅದು ಬೇಕೇ ಬೇಕು. ಆದರೆ ಇಂಗ್ಲಿಷಿನ ಶೈಲಿ ಕೈಪಿಡಿಯನ್ನು ತಂದು ಎಲ್ಲ ಪಟ್ಟಿಗೂ ಅದನ್ನೇ ನಿಯಮ ಮಾಡುವುದು, ಮನೆಯಲ್ಲೇ ಬಾವಿ ಇಟ್ಟುಕೊಂಡು ಪಕ್ಕದ ಬೀದಿಯಿಂದ ನೀರು ಹೊತ್ತಂತೆ. ಸರ್ಕಾರಿ ಆದೇಶದಲ್ಲಿ ಯಾವ ಊರು ಒಳಗೆ, ಯಾವುದು ಹೊರಗೆ ಎಂಬುದನ್ನು ಒಂದು ಚುಕ್ಕೆಯ ಮೇಲೆ ಬಿಡುವುದೇಕೆ? ‘ಊ’ ಇದೆಯಲ್ಲ.