ದೆವ್ವ ಆಡುವ ಭಾಷೆ

2025ರ ಜುಲೈಯಲ್ಲಿ ತೆರೆಗೆ ಬಂದ ‘ಸು ಫ್ರಮ್ ಸೋ’ ಚಿತ್ರದ ಮಾತು ನಮ್ಮ ಕರಾವಳಿಯಲ್ಲಿ ಬಹುದಿನ ನಡೆಯಿತು. ಜೆ. ಪಿ. ತುಮಿನಾಡು ನಿರ್ದೇಶಿಸಿದ ಈ ಚಿತ್ರದ ದೆವ್ವಕ್ಕೆ ಊರಿದೆ, ಹೆಸರಿದೆ. ಸೋಮೇಶ್ವರದ ಸುಲೋಚನೆ ಎಂದು ಅದರ ಗುರುತು. ನಕ್ಕು ದಣಿದ ಮೇಲೆ, ಸತ್ತ ಆ ಹೆಂಗಸಿಗೂ ಮಗಳೊಬ್ಬಳಿದ್ದಾಳೆಂಬುದು ಪ್ರೇಕ್ಷಕನಿಗೆ ತಿಳಿಯುತ್ತದೆ. ದೆವ್ವ ಪರಕೀಯಳಲ್ಲ, ನೆರೆಯೂರಿನವಳು. ಇದು ನನಗೆ ಹೊಸದೆನಿಸಿತು. ಏಕೆಂದರೆ ನಾವು ಕಂಡ ಹಿಂದಿನ ದೆವ್ವಗಳ ಸಂಗತಿಯೇ ಬೇರೆ.

2004ರ ‘ಆಪ್ತಮಿತ್ರ’ವನ್ನು ನೋಡದ ಕನ್ನಡಿಗರು ವಿರಳ. ಆ ಹಳೆಯ ಅರಮನೆಯಲ್ಲಿ ಗಂಗೆಯೆಂಬ ಕನ್ನಡದ ಗೃಹಿಣಿಯೊಳಗಿಂದ ಎದ್ದುಬರುವ ನರ್ತಕಿ ನಾಗವಲ್ಲಿ ಆಡುವುದು ತೆಲುಗು. ಈ ಕಥೆಯ ಮೂಲ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಅಲ್ಲಿ ನಾಗವಲ್ಲಿ ತಂಜಾವೂರಿನವಳು, ಅವಳ ಮಾತು ತಮಿಳು. ಅದೇ ಕಥೆ 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೆ ಹೋದಾಗ ತಮಿಳು ದೆವ್ವದ ಭಾಷೆಯಾಗಿ ಉಳಿದೀತೆ? ಅಲ್ಲಿಯೂ ತೆಲುಗೇ ಬಂದಿತು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಅವಳು ಬಂಗಾಳಿಯಾದಳು. ಕಥೆ ಎಷ್ಟು ಗಡಿ ದಾಟಿದರೂ ದೆವ್ವ ಮಾತ್ರ ಗಡಿಯ ಆಚೆಯವಳೇ!

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ‘ಆಪ್ತಮಿತ್ರ’ ದೆವ್ವವನ್ನು ನಂಬುವ ಚಿತ್ರವಲ್ಲ. ಗಂಗೆಗೆ ಆದದ್ದು ಮನೋರೋಗವೆನ್ನುತ್ತದೆ. ಆದರೆ ರೋಗದ ಲಕ್ಷಣವೇನು? ಅವಳು ತೆಲುಗಾಡತೊಡಗಿದ್ದು. ಗುಣವಾದುದರ ಗುರುತೇನು? ಕನ್ನಡಕ್ಕೆ ಮರಳಿದ್ದು. ಆ ಪಾತ್ರವನ್ನು ಧರಿಸಿದ ಸೌಂದರ್ಯಾ ಕೋಲಾರ ಜಿಲ್ಲೆಯವರು; ತೆಲುಗು ಚಿತ್ರರಂಗದಲ್ಲಿ ದೊಡ್ಡ ಹೆಸರು ಗಳಿಸಿದವರು. ಆ ಸೀಮೆಯಲ್ಲಿ ಎರಡು ಭಾಷೆಗಳು ಒಂದೇ ನಾಲಿಗೆಯ ಮೇಲೆ ಜಗಳವಿಲ್ಲದೆ ಬಾಳುವುದು ನಿತ್ಯದ ಸಂಗತಿ. ಚಿತ್ರ ತೆರೆಕಾಣುವ ಮೊದಲೇ, ಆ ವರ್ಷದ ಏಪ್ರಿಲಿನಲ್ಲಿ, ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು.

1979ರ ‘ನಾ ನಿನ್ನ ಬಿಡಲಾರೆ’ಯ ಕಾಮಿನಿ ಕನ್ನಡದವಳೇ ಅಲ್ಲವೆ ಎಂದು ವಾಚಕರು ಕೇಳಬಹುದು. ಹೌದು. ಅಲ್ಲಿ ಪರಕೀಯವಾದುದು ಭಾಷೆಯಲ್ಲ, ಹೆಣ್ಣಿನ ಬಯಕೆ; ಹೆಸರೇ ಅದನ್ನು ಹೇಳುತ್ತದೆ. ಅಮೆರಿಕದಲ್ಲಿ 1968ರಷ್ಟು ಹಿಂದೆಯೇ ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ನಾಯಕನ ಪಾತ್ರವನ್ನು ಡುವೇನ್ ಜೋನ್ಸ್ ಎಂಬ ಕರಿಯ ನಟನಿಗೆ ಕೊಟ್ಟಿದ್ದ. ಇರುಳೆಲ್ಲ ಹೆಣಗಳ ಕೈಯಿಂದ ಪಾರಾದ ಆ ನಾಯಕ ಬೆಳಗಾದ ಮೇಲೆ ಬದುಕಿರುವವರ ಗುಂಡಿಗೆ ಬೀಳುತ್ತಾನೆ.

ನಮ್ಮ ಯಕ್ಷಗಾನ ಈ ವಿಷಯದಲ್ಲಿ ಹೆಚ್ಚು ಉದಾರವೆಂದು ನನ್ನ ಅಭಿಪ್ರಾಯ. ಶಿರಾಲಿಯ ಸುತ್ತಿನ ಗದ್ದೆ ಬಯಲುಗಳಲ್ಲಿ ಇರುಳು ಕಳೆದವರು ಬಲ್ಲರು: ಬಣ್ಣದ ವೇಷದ ರಾಕ್ಷಸ ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬಂದರೂ, ಕೊನೆಗೆ ಭಾಗವತರ ಮುಂದೆ ನಿಂತು ತಾನು ಯಾರೆಂಬುದನ್ನು ತಾನೇ ಹೇಳುತ್ತಾನೆ, ರಾಮನಾಡುವ ಕನ್ನಡದಲ್ಲಿಯೇ.

ಈ ಮಾತನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಆ ಕಥೆಯನ್ನು ನಮ್ಮ ಭಟ್ಕಳದಲ್ಲಿ ತೆಗೆದರೆ ನಾಗವಲ್ಲಿ ಯಾವ ಭಾಷೆ ಆಡಬೇಕು?” ಎಂದ. ಮನೆಯಲ್ಲಿ ಕೊಂಕಣಿ ಆಡುವವರು, ನವಾಯತಿ ಆಡುವವರು, ಕನ್ನಡ ಆಡುವವರು ಎಲ್ಲರೂ ಅಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಎದ್ದ ನಗು ಅರ್ಧಕ್ಕೇ ನಿಂತಿತು. ನನಗೂ ಉತ್ತರ ತೋಚಲಿಲ್ಲ. ಗಂಟೆ ಬಾರಿಸಿದ್ದು ಉಪಕಾರವಾಯಿತು.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಆ ಪ್ರಶ್ನೆಯನ್ನು ಸಹೋದ್ಯೋಗಿಗಳ ಮುಂದಿಟ್ಟೆ. ಒಬ್ಬರು ಚಹಾದ ಲೋಟ ಕೆಳಗಿಡದೆಯೇ ಒಂದು ಭಾಷೆಯ ಹೆಸರು ಹೇಳಿದರು. ಹೇಳಿದ ಮೇಲೆ, ಆ ಭಾಷೆಯವರು ಯಾರಾದರೂ ಅಲ್ಲಿದ್ದಾರೆಯೇ ಎಂದು ಸುತ್ತ ನೋಡಿದರು.